ನಜ್ಜರೇನೊ ತೋರಿಸುತ್ತಿದ್ದ ಊರು

ನಜ್ಜರೇನೊ ಸತ್ತದ್ದು ಚಳಿಗಾಲದಲ್ಲಿ. ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಅವನ ಹೆಂಡತಿ ದೆರ್ನಾ ಎತ್ತಿದಳು.

"ನಜ್ಜರೇನೊ ಅವರ ಮನೇನಾ? ಎರಡು ದಿನ ಊರು ನೋಡೋಕೆ ಬರ್ತಿದೀವಿ. ಮಹಡಿ ಕೋಣೆ ಖಾಲಿ ಇದೆಯಾ? ರೊವೀಗೊದ ತುಲ್ಲಿಯೊ ಅಂತ ಹೇಳಿ, ಅವರಿಗೆ ಗೊತ್ತಾಗುತ್ತೆ. ಬಸ್ ಡ್ರೈವರ್ ತುಲ್ಲಿಯೊ."

ಕೋಣೆ ಖಾಲಿ ಇದೆ ಅಂದಳು ದೆರ್ನಾ. ನಜ್ಜರೇನೊ ತೀರಿಕೊಂಡದ್ದನ್ನು ಹೇಳಲಿಲ್ಲ. ಮುಖ ಕಾಣದವರಿಗೆ ಅದನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ಫೋನು ಇಟ್ಟ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಊರು ನೋಡಲು ಬಂದವರಿಗೆ ಕೊಡುತ್ತಿದ್ದ ಆ ಕೋಣೆಯ ತುಂಬ ಈಗ ಅವಳು ಕಟ್ಟಿಟ್ಟ ಪೆಟ್ಟಿಗೆಗಳಿದ್ದವು. ಅವಳು ಊರು ಬಿಟ್ಟು ಹೊರಟಿದ್ದಳು.

ಗುಬ್ಬಿಯೊ ದೆರ್ನಾಳ ಗಂಡನ ಊರು. ಅವಳದು ಪೆರ್ಗೊಲಾ. ನಡುವೆ ಇರುವುದು ಒಂದು ಬೆಟ್ಟಸಾಲು, ಅಷ್ಟೆ. ಆದರೂ ಮದುವೆಯಾಗಿ ಬಂದ ದಿನದಿಂದ ಓಣಿಯವರಿಗೆ ಅವಳು ಬೆಟ್ಟದಾಚೆಯವಳು. ಬೈಯುವಾಗಲೂ ಅದೇ, ಹೊಗಳುವಾಗಲೂ ಅದೇ. "ಬೆಟ್ಟದಾಚೆಯವಳಾದ್ರೂ ಸಾರು ಚೆನ್ನಾಗಿ ಮಾಡ್ತಾಳೆ" ಅನ್ನುವರು. ಅವನಿದ್ದಾಗ ಇದಕ್ಕೆ ನಗುತ್ತಿದ್ದಳು. ಅವನು ಹೋದ ಮೇಲೆ ನಗು ಬರಲಿಲ್ಲ. ಮಕ್ಕಳಿರಲಿಲ್ಲ. ಪೆರ್ಗೊಲಾದಲ್ಲಿ ಅಣ್ಣ ಎಲ್ವಿಯೊ ಇದ್ದ. "ಬಂದ್ಬಿಡು. ಕೆಳಗಿನ ಎರಡು ಕೋಣೆ ನಿಂದೇ" ಅಂದಿದ್ದ. ಬರುವ ಭಾನುವಾರ ವ್ಯಾನು ತರುತ್ತೇನೆ ಅಂದಿದ್ದ. ಅವಳು ಹೂಂ ಅಂದಿದ್ದಳು. ಹೂಂ ಅಂದ ಮೇಲೆ ಹಗುರಾಗಬೇಕಿತ್ತು, ಆಗಿರಲಿಲ್ಲ.

ಎದುರು ಮನೆಯಲ್ಲಿ ನಜ್ಜರೇನೊನ ಅಕ್ಕ ಜೆಲಿಂದಾ ಇದ್ದಳು. ಹೆಣ ಎತ್ತಿದ ದಿನದಿಂದ ಇಬ್ಬರಿಗೂ ಮಾತಿಲ್ಲ. ದೆರ್ನಾ ಕಸ ಹಾಕಲು ಹೊರಗೆ ಬಂದರೆ ಎದುರು ಕಿಟಕಿಯ ಮರದ ರೆಕ್ಕೆ ಮುಚ್ಚಿಕೊಳ್ಳುತ್ತಿತ್ತು. ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಬೆರಳಿನಷ್ಟು ಸಂದು ಇರುತ್ತಿತ್ತು.

ತುಲ್ಲಿಯೊ ಬಂದದ್ದು ಶುಕ್ರವಾರ ಮಧ್ಯಾಹ್ನ. ದಪ್ಪ ಮನುಷ್ಯ, ಏದುಸಿರು. ಏರು ಓಣಿ ಹತ್ತಿ ಬಂದು ಗೋಡೆ ಹಿಡಿದು ನಿಂತ. ಅವನ ಊರು ಅಂಗೈಯಂತೆ ಸಮ. ಹಿಂದೆ ಹೆಂಡತಿ ಮಿರೆಲ್ಲಾ. ಕೂದಲು ನೀಟಾಗಿ ಬಾಚಿದ್ದಳು. ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

"ಎಲ್ಲಿ ನಮ್ಮ ನಜ್ಜರೇನೊ?" ಅಂದ ತುಲ್ಲಿಯೊ. "ಇಳಿದು ಬಂದು ಚೀಲ ಹಿಡ್ಕೊಳ್ಳೋಕೂ ಸೋಮಾರಿತನಾನಾ?"

"ಸತ್ತ," ಅಂದಳು ದೆರ್ನಾ. "ಜನವರಿಯಲ್ಲಿ. ಎದೆ ನೋವು ಅಂದ, ಕೂತ, ಹೋದ. ಫೋನಲ್ಲಿ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ತುಲ್ಲಿಯೊ ಟೋಪಿ ತೆಗೆದ. ಮಿರೆಲ್ಲಾ ಅತ್ತಳು. ಎಂದೋ ಎರಡು ದಿನ ಕಂಡವನಿಗಾಗಿ ಇಷ್ಟು ಅಳುತ್ತಾಳಲ್ಲ ಅನ್ನಿಸಿತು ದೆರ್ನಾಗೆ. ಒಳಗೆ ಕರೆದು ಕಾಫಿ ಇಟ್ಟಳು.

ಮರುದಿನ ಬೆಳಿಗ್ಗೆ ಮಿರೆಲ್ಲಾ ಮೊದಲು ಇಳಿದು ಬಂದಳು. ಅಡುಗೆಮನೆಯ ಕುರ್ಚಿಯ ಮೇಲೆ ಕೂತು ನಗುತ್ತ ಕೇಳಿದಳು. "ನಿಮ್ಮ ಯಜಮಾನರು ಇನ್ನೂ ಎದ್ದಿಲ್ವಾ, ಸಿನ್ಯೋರಾ? ನಮ್ಮನ್ನ ಊರು ಸುತ್ತಿಸ್ತೀನಿ ಅಂದಿದ್ರಲ್ಲ."

ದೆರ್ನಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಅವನು ಸತ್ತ, ಮಿರೆಲ್ಲಾ. ನಿನ್ನೆ ಹೇಳಿದೆನಲ್ಲ."

"ಅಯ್ಯೋ, ಯಾವಾಗ?" ಅಂದಳು ಮಿರೆಲ್ಲಾ. ಅವಳ ಮುಖ ಕುಗ್ಗಿಹೋಯಿತು. ನಿನ್ನೆಯ ಹಾಗೆಯೇ ಅತ್ತಳು. ಸುಳ್ಳು ಅಳುವಲ್ಲ. ಈಗ ತಾನೇ ಸುದ್ದಿ ಕೇಳಿದವರ ಅಳು.

ತುಲ್ಲಿಯೊ ಮೆಟ್ಟಿಲಿನ ಮೇಲೆ ನಿಂತಿದ್ದ. ದೆರ್ನಾಳನ್ನು ಬಾಗಿಲ ಹೊರಗೆ ಕರೆದ.

"ತಪ್ಪು ತಿಳ್ಕೋಬೇಡಿ. ಎರಡು ವರ್ಷದಿಂದ ಹೀಗೆ. ಹಳೇದೆಲ್ಲ ಇದೆ, ಹೊಸದು ನಿಲ್ಲಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮನೇಲಿ ಎರಡು ದಿನ ಇದ್ವಲ್ಲ, ಅದು ಪೂರ್ತಿ ನೆನಪಿದೆ. ನೀವು ಹಾಕಿದ ಹೊದಿಕೆ ಬಣ್ಣ ಸಮೇತ. ಅದಕ್ಕೇ ಕರ್ಕೊಂಡು ಬಂದೆ."

"ಹೊದಿಕೆ ಹಸಿರು," ಅಂದಳು ದೆರ್ನಾ.

"ಅವಳೂ ಹಸಿರು ಅಂತಾಳೆ." ತುಲ್ಲಿಯೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಇನ್ನೊಂದು ಇದೆ. ಆವತ್ತು ಹುಚ್ಚರ ಕಾರಂಜಿ ಒಣಗಿತ್ತು. ಏನೋ ರಿಪೇರಿ. ಬಾಟ್ಲಿ ನೀರಾದ್ರೂ ಹಾಕಿ ಅಂದೆ. ನಜ್ಜರೇನೊ ಒಪ್ಪಲಿಲ್ಲ. ಇನ್ನೊಂದ್ಸಲ ಬನ್ನಿ, ನನ್ನ ಕೈಯಾರೆ ಹುಚ್ಚು ಹಿಡಿಸಿ ಕಳಿಸ್ತೀನಿ ಅಂದ್ರು. ಬರೋಕೆ ಇಷ್ಟು ವರ್ಷ ಆಯ್ತು."

ಸುತ್ತಲಿನ ಊರಿನವರು ಗುಬ್ಬಿಯೊದವರನ್ನು ಹುಚ್ಚರು ಅನ್ನುತ್ತಾರೆ. ಗುಬ್ಬಿಯೊದವರಿಗೆ ಅದು ಬೈಗುಳವಲ್ಲ, ಮರ್ಯಾದೆ. ಊರ ನಡುವಿನ ಪುಟ್ಟ ಚೌಕದಲ್ಲಿ ಒಂದು ಕಲ್ಲಿನ ಕಾರಂಜಿ ಇದೆ. ಬಂದವರು ಅದನ್ನು ಮೂರು ಸುತ್ತು ಓಡಬೇಕು. ಊರವನೊಬ್ಬ ನೀರೆರಚಬೇಕು. ಆಮೇಲೆ ಬಂದವರೂ ಹುಚ್ಚರಲ್ಲಿ ಒಬ್ಬರು. ಆದರೆ ಎರಚುವ ಕೈ ಗುಬ್ಬಿಯೊದಲ್ಲಿ ಹುಟ್ಟಿದ ಕೈ ಆಗಿರಬೇಕು. ದೆರ್ನಾಳಿಗೂ ನಜ್ಜರೇನೊ ಎರಚಿದ್ದ. ಅವಳು ಮಾತ್ರ ಯಾರಿಗೂ ಎರಚಿರಲಿಲ್ಲ.

"ಈಗ ಯಾಕೆ ಅದೆಲ್ಲ?" ಅಂದಳು.

ತುಲ್ಲಿಯೊ ದನಿ ಇಳಿಸಿದ. "ನಮ್ಮ ಓಣೀಲಿ ಅವಳನ್ನ ಹುಚ್ಚಿ ಅಂತಾರೆ. ನನ್ನ ಕಿವಿಗೆ ಬೀಳೋ ಹಾಗೇ ಅಂತಾರೆ. ಅನ್ನಲಿ. ಅವಳೊಬ್ಬಳೇ ಯಾಕಾಗಬೇಕು? ನಾನೂ ಆಗ್ತೀನಿ. ಇಬ್ರೂ ಆಗಿ ಊರಿಗೆ ಹೋಗ್ತೀವಿ. ಆಮೇಲೆ ಯಾರು ಏನು ಬೇಕಾದ್ರೂ ಅನ್ಲಿ."

ದೆರ್ನಾ ಒಳಗೆ ಹೋಗಿ ಮೇಲಂಗಿ ಹಾಕಿಕೊಂಡಳು. ಗಂಡನ ದಿನ ಕಳೆದ ಮೇಲೆ ಅವಳು ಅಂಗಡಿಗೆ, ಇಗರ್ಜಿಗೆ ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ.

"ಊರು ತೋರಿಸ್ತೀನಿ," ಅಂದಳು. "ಅವನ ಹಾಗೆ ಕಥೆ ಹೇಳೋಕೆ ನನಗೆ ಬರಲ್ಲ. ಮೊದಲೇ ಹೇಳ್ತೀನಿ."

ಮೊದಲು ದೊಡ್ಡ ಚೌಕಕ್ಕೆ ಹೋದರು. ಒಂದು ಪಕ್ಕ ಅರಮನೆ, ಇನ್ನೊಂದು ಪಕ್ಕ ಬರೀ ಗಾಳಿ. ಕೆಳಗೆ ಹೆಂಚು, ಅದರಾಚೆ ಬಯಲು. ತುಲ್ಲಿಯೊ ಅರಮನೆಯನ್ನು ಯಾರು ಕಟ್ಟಿಸಿದ್ದು ಅಂತ ಕೇಳಿದ.

"ಗೊತ್ತಿಲ್ಲ. ನಜ್ಜರೇನೊ ದಿನಕ್ಕೊಬ್ಬರ ಹೆಸರು ಹೇಳೋನು." ದೆರ್ನಾ ಗೋಪುರದ ಕಡೆ ಕೈ ತೋರಿಸಿದಳು. "ಆ ದೊಡ್ಡ ಗಂಟೆ ಇದೆಯಲ್ಲ, ಅದನ್ನ ಕಾಲಿನಿಂದ ಒದ್ದು ಬಾರಿಸ್ತಾರೆ. ಅವನಿಗೆ ಗಂಟೆ ಬಾರಿಸೋನಾಗಬೇಕು ಅಂತ ಆಸೆ. ಹೋಗಿ ಕೇಳಿದ್ದ. ಕಾಲು ಗಿಡ್ಡ ಅಂತ ಕಳಿಸಿಬಿಟ್ರು."

ತುಲ್ಲಿಯೊ ನಕ್ಕ. ಮಿರೆಲ್ಲಾಳೂ ನಕ್ಕಳು. "ಹೌದು, ಗಿಡ್ಡ ಕಾಲು," ಅಂದಳು.

ದೆರ್ನಾಗೆ ಧೈರ್ಯ ಬಂತು. ಕಲ್ಲುಗಳ ವಿಷಯ ಅವಳಿಗೆ ತಿಳಿಯದು. ಅವನ ವಿಷಯ ತಿಳಿಯುತ್ತಿತ್ತು. ಆದ್ದರಿಂದ ಅದನ್ನೇ ಹೇಳುತ್ತ ನಡೆದಳು. ಈ ಮೆಟ್ಟಿಲ ಮೇಲೆ ಅವನು ಮಂಜಿನಲ್ಲಿ ಜಾರಿ ಹಲ್ಲು ಮುರಿದುಕೊಂಡದ್ದು. ಈ ಬೇಕರಿಯವನ ಜೊತೆ ಉಪ್ಪಿನ ವಿಷಯಕ್ಕೆ ಜಗಳವಾಡಿ ವರ್ಷಗಟ್ಟಲೆ ಬೇರೆ ಕಡೆ ರೊಟ್ಟಿ ತಂದದ್ದು, ಆ ರೊಟ್ಟಿ ಇನ್ನೂ ಕೆಟ್ಟದಾಗಿದ್ದದ್ದು. ಮೇ ತಿಂಗಳ ಓಟದಲ್ಲಿ ಸಂತರ ಮೂರ್ತಿ ನಿಲ್ಲಿಸಿದ ಭಾರಿ ಮರದ ಕಂಬ ಹೊತ್ತು ಹೊತ್ತು ಅವನ ಬಲ ಹೆಗಲು ತಗ್ಗಿಹೋಗಿದ್ದು. ಅಂಗಿ ಹೊಲಿಯುವಾಗ ಆ ಕಡೆ ಬಟ್ಟೆ ಮಡಿಸಿ ಅವಳು ಮೆತ್ತೆ ಇಡುತ್ತಿದ್ದದ್ದು.

"ಅರಮನೆಗಿಂತ ಇದೇ ಚೆನ್ನಾಗಿದೆ," ಅಂದ ತುಲ್ಲಿಯೊ.

ಊರ ಅಂಚಿನಿಂದ ಬೆಟ್ಟದ ಮೇಲಿನ ಸಂತ ಉಬಾಲ್ದೊನ ಇಗರ್ಜಿಗೆ ತೂಗುಪಂಜರಗಳು ಹೋಗುತ್ತವೆ. ಹಕ್ಕಿಯ ಪಂಜರದ ಹಾಗೆ ಕಂಬಿಯ ಬುಟ್ಟಿಗಳು, ಒಂದರಲ್ಲಿ ಇಬ್ಬರು ನಿಲ್ಲಬಹುದು. ಅವು ನಿಲ್ಲುವುದಿಲ್ಲ. ಬರುತ್ತಿರುವಾಗಲೇ ಹತ್ತಬೇಕು. ನಜ್ಜರೇನೊ ಕೆಲಸ ಮಾಡಿದ್ದು ಅಲ್ಲೇ. ನೆಲದ ಕೆಂಪು ವೃತ್ತದ ಮೇಲೆ ಜನರನ್ನು ನಿಲ್ಲಿಸುವುದು, ಪಂಜರ ಬಂದಾಗ ಬೆನ್ನಿಗೆ ಅಂಗೈ ಕೊಟ್ಟು ಒಳಕ್ಕೆ ದೂಡುವುದು, ಬಾಗಿಲು ಹಾಕುವುದು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಿದ್ದ. ಮನೆಗೆ ಬಂದು ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, "ಇವತ್ತು ಒಂದು ಊರಿನಷ್ಟು ಜನಾನ ಆಕಾಶಕ್ಕೆ ಕಳಿಸಿದೆ ಕಣೇ" ಅನ್ನುವನು. ದೆರ್ನಾಳನ್ನು ಮೊದಲು ಕಂಡದ್ದೂ ಅಲ್ಲೇ. ಅಂಗಿ ಕಾರ್ಖಾನೆಯ ಹುಡುಗಿಯರ ಜೊತೆ ಬಸ್ಸಿನಲ್ಲಿ ಊರು ನೋಡಲು ಬಂದಿದ್ದಳು. ಉಳಿದವರನ್ನೆಲ್ಲ ದೂಡಿದ. ಇವಳನ್ನು ದೂಡಲಿಲ್ಲ, ಕೈ ಹಿಡಿದು ಹತ್ತಿಸಿದ. ಗೆಳತಿಯರು ಊರು ಮುಟ್ಟುವವರೆಗೂ ಚುಡಾಯಿಸಿದರು.

ತುಲ್ಲಿಯೊ ಪಂಜರಗಳನ್ನು ನೋಡಿ ಹಿಂದೆ ಸರಿದ. "ನಾನು ಬರಲ್ಲಪ್ಪ. ಜೀವಮಾನ ಬಸ್ ಓಡಿಸಿದೀನಿ. ಚಕ್ರ ಇಲ್ಲದ್ದನ್ನ ನಂಬಲ್ಲ."

ಮಿರೆಲ್ಲಾ ಆಗಲೇ ಕೆಂಪು ವೃತ್ತದ ಮೇಲೆ ನಿಂತಿದ್ದಳು. ಯಾರೂ ಹೇಳಿರಲಿಲ್ಲ. ಕಾಲಿಗೆ ನೆನಪಿತ್ತು. ದೆರ್ನಾ ಓಡಿ ಪಕ್ಕದ ವೃತ್ತದಲ್ಲಿ ನಿಂತಳು. ಕೆಲಸದಲ್ಲಿದ್ದವನು ಅವಳನ್ನು ನೋಡಿ, "ಬನ್ನಿ ಬನ್ನಿ, ಸಿನ್ಯೋರಾ ದೆರ್ನಾ" ಅಂತ ಹಿಂದೆ ನಿಂತ. ಅವನು ದೂಡಬೇಕಾಗಲಿಲ್ಲ. ದೆರ್ನಾ ಮಿರೆಲ್ಲಾಳ ಬೆನ್ನಿಗೆ ತನ್ನ ಅಂಗೈ ಇಟ್ಟಳು, ದೂಡಿದಳು, ತಾನೂ ಹಾರಿದಳು.

ಪಂಜರ ತೂಗುತ್ತ ಮೇಲೇರಿತು. ಕೆಳಗೆ ಮರದ ತುದಿಗಳು. ಕಾಲಡಿಯ ಕಂಬಿಯ ನಡುವೆ ಗಾಳಿ ಬರುತ್ತಿತ್ತು. ಮಿರೆಲ್ಲಾ ಕಂಬಿ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ಕೇಳಿದಳು.

"ನಿಮ್ಮ ಯಜಮಾನರು ಕೆಳಗೇ ಉಳಿದ್ರಾ?"

ದೆರ್ನಾ ಇನ್ನೊಂದು ಸಲ ಹೇಳಲಾರೆ ಅಂದುಕೊಂಡಳು. ಕೆಳಗಿದ್ದಾನೆ ಅಂದುಬಿಟ್ಟರೆ ಮುಗಿಯಿತು. ಆದರೆ ಬಾಯಿಗೆ ಸುಳ್ಳು ಬರಲಿಲ್ಲ.

"ಅವನು ಸತ್ತ, ಮಿರೆಲ್ಲಾ."

ಮಿರೆಲ್ಲಾ ಮೂರನೆಯ ಸಲ ಅತ್ತಳು. ಪಂಜರದಲ್ಲಿ ಸರಿದು ಹೋಗಲು ಜಾಗವಿಲ್ಲ. ದೆರ್ನಾಳ ಹೆಗಲಿಗೆ ಹಣೆ ಇಟ್ಟು ಅತ್ತಳು. ಊರಿನವರೆಲ್ಲ ಅತ್ತು ಮುಗಿಸಿದ್ದರು. ಅಂಗಡಿಯಲ್ಲಿ ಸಿಕ್ಕವರು ಈಗ ಟೊಮೆಟೊ ಬೆಲೆ ಮಾತಾಡುತ್ತಿದ್ದರು. ಈಕೆಯೊಬ್ಬಳಿಗೆ ನಜ್ಜರೇನೊ ಪ್ರತಿ ಸಲವೂ ಈಗ ಸತ್ತಿದ್ದ. ದೆರ್ನಾಗೂ ಹಾಗೆಯೇ ಇತ್ತು, ದಿನಾ ಬೆಳಿಗ್ಗೆ ಕಣ್ಣು ಬಿಟ್ಟಾಗ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅವಳೂ ಅತ್ತಳು. ಎದುರಿನಿಂದ ಇಳಿದು ಬರುತ್ತಿದ್ದ ಪಂಜರದಲ್ಲಿದ್ದ ಗಂಡ ಹೆಂಡತಿ ಫೋಟೊ ತೆಗೆಯುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದರು.

ಮೇಲೆ ಇಗರ್ಜಿಯ ಮುಂದೆ ಇಳಿದಾಗ ಮಿರೆಲ್ಲಾ ಮುಖ ಒರೆಸಿಕೊಂಡು, "ಹಸಿವಾಗ್ತಿದೆ" ಅಂದಳು. ದೆರ್ನಾಗೂ ಹಸಿವಾಗಿತ್ತು. ಎಷ್ಟೋ ದಿನದ ಮೇಲೆ.

ಕೆಳಗೆ ಬಂದು ಮೂವರೂ ಬಿಸಿ ಕ್ರೆಶಾ ರೊಟ್ಟಿ ತಿಂದರು. ಒಳಗೆ ಹಂದಿಮಾಂಸದ ತೆಳು ಹೋಳು. ತುಲ್ಲಿಯೊ ಎರಡು ತಿಂದ. "ನೀವಿಬ್ರೂ ಮೇಲೆ ಹೋಗಿ ಏನು ಮಾಡಿದ್ರಿ? ಕಣ್ಣು ಕೆಂಪಾಗಿದೆ," ಅಂದ.

"ಗಾಳಿ," ಅಂದಳು ದೆರ್ನಾ.

ಆಮೇಲೆ ಓಣಿಗೆ ಮರಳಿದರು. ಮಿರೆಲ್ಲಾಳ ಕೈಚೀಲ ಮನೆಯಲ್ಲೇ ಉಳಿದಿತ್ತು. ಅದಿಲ್ಲದೆ ಕಾರಂಜಿಗೆ ಬರುವುದಿಲ್ಲ ಅಂದಿದ್ದಳು. ಮನೆಯ ಮುಂದೆ ಬಂದಾಗ ಮಿರೆಲ್ಲಾ ನಿಂತುಬಿಟ್ಟಳು. ದೊಡ್ಡ ಬಾಗಿಲಿನ ಪಕ್ಕದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಇನ್ನೊಂದು ಬಾಗಿಲಿತ್ತು. ಒಬ್ಬರು ಅಡ್ಡಡ್ಡ ನುಸುಳುವಷ್ಟು ಇಕ್ಕಟ್ಟು. ಗುಬ್ಬಿಯೊದ ಹಳೆಯ ಮನೆಗಳಿಗೆಲ್ಲ ಇಂಥದ್ದೊಂದು ಇರುತ್ತದೆ. ಕೆಲವರು ಕಲ್ಲು ಕಟ್ಟಿ ಮುಚ್ಚಿದ್ದಾರೆ.

"ಸತ್ತವರ ಬಾಗಿಲು," ಅಂದಳು ಮಿರೆಲ್ಲಾ. "ಬದುಕಿದೋರು ದೊಡ್ಡದ್ರಲ್ಲಿ, ಸತ್ತೋರು ಚಿಕ್ಕದ್ರಲ್ಲಿ. ಸಾವಿಗೆ ಒಳಗೆ ಬರೋ ದಾರಿ ಗೊತ್ತಾಗಬಾರದು ಅಂತ. ನಜ್ಜರೇನೊ ಹೇಳಿದ್ರು. ನಾನೂ ಇದ್ರಲ್ಲೇ ಹೋಗೋದು ಅಂದಿದ್ರು."

"ಎಲ್ಲರಿಗೂ ಹೇಳೋನು," ಅಂದಳು ದೆರ್ನಾ.

"ಹೋದ್ರಾ?" ಪಂಜರದಲ್ಲಿ ಕೇಳಿದ್ದು ಅವಳಿಗೆ ಇನ್ನೂ ನೆನಪಿದ್ದ ಹಾಗಿತ್ತು.

ತುಲ್ಲಿಯೊ, "ಮಿರೆಲ್ಲಾ, ಬಿಡು," ಅಂದ.

"ಬಿಡಿ, ಕೇಳಲಿ." ದೆರ್ನಾ ಆ ಬಾಗಿಲಿನ ಮರದ ಮೇಲೆ ಕೈ ಇಟ್ಟಳು. "ಇಲ್ಲ. ಹೋಗಲಿಲ್ಲ. ಇದನ್ನ ತೆಗೆಸಿದೆವು. ಅಳತೆ ನೋಡಿದ್ರು. ಶವಪೆಟ್ಟಿಗೆ ಮಲಗಿಸಿ ತಿರುಗಿಸೋಕೆ ಒಳಗೆ ಜಾಗ ಸಾಲಲಿಲ್ಲ. ನಿಲ್ಲಿಸಿ ಇಳಿಸಿದ್ರೆ ಆಗುತ್ತೆ ಅಂದ್ರು. ಅವನಕ್ಕ, ನಿಲ್ಲಿಸಿಯೇ ಇಳಿಸಿ, ಅವನ ಮಾತು ನಡೀಲಿ ಅಂದಳು. ನಾನು ಬೇಡ ಅಂದೆ."

"ಯಾಕೆ?"

"ಇಡೀ ಜೀವನ ನಿಂತೇ ಇದ್ದ, ಮಿರೆಲ್ಲಾ. ಬೆಳಿಗ್ಗೆಯಿಂದ ಸಂಜೆವರೆಗೆ. ಪಾದ ಊದಿಕೊಂಡು ಬೂಟು ಬಿಚ್ಚೋಕೆ ಬರ್ತಿರಲಿಲ್ಲ, ನಾನು ಎಳೀತಿದ್ದೆ. ಸತ್ತ ಮೇಲೂ ನಿಲ್ಲಿಸೋದಾ? ಮಲಗಿರಲಿ ಅಂದ್ಕೊಂಡೆ. ದೊಡ್ಡ ಬಾಗಿಲಲ್ಲಿ ಮಲಗಿಸ್ಕೊಂಡೇ ಕಳಿಸಿದೆ."

"ಅವರಕ್ಕನಿಗೆ ಹೇಳಲಿಲ್ವಾ ಇದನ್ನ?" ಕೇಳಿದ ತುಲ್ಲಿಯೊ.

"ಬಾಯಲ್ಲಿ ಬೇಡ ಅನ್ನೋದೊಂದೇ ಬಂತು. ನನ್ನ ತಮ್ಮನ್ನ ಬಾಡಿಗೆಗೆ ಬಂದೋನ ಹಾಗೆ ಮುಂಬಾಗಿಲಲ್ಲಿ ಕಳಿಸಿದಳು ಬೆಟ್ಟದಾಚೆಯವಳು ಅಂತ ಅವಳು ಓಣಿಗೆಲ್ಲ ಹೇಳಿದಳು. ಹೇಳಲಿ."

ಓಣಿ ಅಗಲವಿಲ್ಲ. ಇಲ್ಲಿ ಆಡಿದ ಮಾತು ಎದುರು ಗೋಡೆಗೆ ತಾಗುತ್ತದೆ. ಎದುರು ಕಿಟಕಿಯಲ್ಲಿ ಬೆರಳಿನಷ್ಟು ಸಂದು ಇತ್ತು. ದೆರ್ನಾ ಅತ್ತ ನೋಡಲಿಲ್ಲ. ಒಳಗೆ ಹೋಗಿ ಕೈಚೀಲ ತಂದಳು.

ಕಾರಂಜಿಯ ಚೌಕ ಓಣಿಯ ತಿರುವಿನಲ್ಲೇ ಇದೆ. ಮೂಲೆಯ ಮನೆ ಜೆಲಿಂದಾಳದು. ಅದರ ಇನ್ನೊಂದು ಕಿಟಕಿ ಕಾರಂಜಿಯ ಮೇಲೆಯೇ ತೆರೆಯುತ್ತದೆ. ಬೆಂಚಿನ ಮೇಲೆ ಎಂದಿನಂತೆ ಸೆತ್ತೀಮಿಯೊ ಕೂತಿದ್ದ. ಹಳೆಯ ಕ್ಷೌರಿಕ, ನಜ್ಜರೇನೊನ ಜೊತೆ ಇಸ್ಪೀಟು ಆಡುತ್ತಿದ್ದವನು.

"ಬಂದ್ರಪ್ಪ, ಹೊಸ ಹುಚ್ಚರು," ಅಂತ ಎದ್ದ. "ಓಡಿ, ಓಡಿ. ಮೂರು ಸುತ್ತು. ಈಯಪ್ಪ ಓಡ್ತಾನಾ, ಇಲ್ಲ ಉರುಳಿಸಬೇಕಾ?"

"ನೋಡ್ತಿರಿ," ಅಂದ ತುಲ್ಲಿಯೊ. ಮೇಲಂಗಿ ಬಿಚ್ಚಿ ದೆರ್ನಾಳ ಕೈಗೆ ಕೊಟ್ಟ. ಹೆಂಡತಿಯ ಕೈ ಹಿಡಿದ.

ಇಬ್ಬರೂ ಓಡಿದರು. ಓಟ ಅನ್ನುವಂತಿರಲಿಲ್ಲ. ತುಲ್ಲಿಯೊನ ಹೊಟ್ಟೆ ಕುಲುಕುತ್ತಿತ್ತು. ಮಿರೆಲ್ಲಾಳೇ ಮುಂದೆ. ಎರಡನೆಯ ಸುತ್ತಿನಲ್ಲಿ ಅವನು ನಿಲ್ಲುತ್ತೇನೆ ಅಂದ, ಅವಳು ಎಳೆದಳು. ಕಾಫಿ ಅಂಗಡಿಯ ಹೊರಗೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ಮೂರೂ ಮುಗಿದಾಗ ಇಬ್ಬರೂ ಕಾರಂಜಿಯ ಅಂಚು ಹಿಡಿದು ಬಾಗಿ ಉಸಿರು ಎಳೆದುಕೊಂಡರು.

ಸೆತ್ತೀಮಿಯೊ ತೋಳು ಮಡಿಸಿ ನೀರಿಗೆ ಕೈ ಹಾಕಿದ. ಮಿರೆಲ್ಲಾ ಹಿಂದಕ್ಕೆ ಸರಿದಳು. ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದಳು.

"ನೀವ್ಯಾರು?" ಅಂದಳು. "ನೀವು ಬೇಡ. ನಜ್ಜರೇನೊ ಹಾಕ್ತೀನಿ ಅಂದಿದಾರೆ."

"ಅಮ್ಮಾ, ನಜ್ಜರೇನೊ…" ಸೆತ್ತೀಮಿಯೊ ದೆರ್ನಾಳ ಮುಖ ನೋಡಿ ಮಾತು ನುಂಗಿದ. "ನಾನೂ ಈ ಊರೋನೇ. ಇಲ್ಲೇ ಹುಟ್ಟಿದ್ದು. ನನ್ನ ನೀರೂ ಅದೇ ನೀರು."

"ಬೇಡ. ಮಾತು ಕೊಟ್ಟೋರು ಅವರು. ಅವರ ಮನೆಯೋರು ಹಾಕ್ಲಿ."

ತುಲ್ಲಿಯೊ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳು ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ಕಾಫಿ ಅಂಗಡಿಯವರು ಚಪ್ಪಾಳೆ ನಿಲ್ಲಿಸಿದರು. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ತುಲ್ಲಿಯೊ ಅದನ್ನು ನೋಡಿದ. ಅವನ ಮುಖ ಬಾಡಿತು. ಇದರಿಂದ ತಪ್ಪಿಸಿಕೊಳ್ಳಲೆಂದೇ ಅವನು ಇಷ್ಟು ದೂರ ಬಂದಿದ್ದ.

ನಜ್ಜರೇನೊನ ಮನೆಯವರು ಅಂದರೆ ಊರಲ್ಲಿ ಉಳಿದಿರುವುದು ಇಬ್ಬರೇ. ಗುಬ್ಬಿಯೊದಲ್ಲಿ ಹುಟ್ಟಿದವಳು ಒಬ್ಬಳೇ. ದೆರ್ನಾ ಮೇಲಂಗಿಯನ್ನು ಬೆಂಚಿನ ಮೇಲಿಟ್ಟಳು. ಮೂಲೆ ಮನೆಯ ಕಿಟಕಿಯ ಕೆಳಗೆ ಹೋಗಿ ನಿಂತಳು. ಜನವರಿಯಿಂದ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ.

"ಜೆಲಿಂದಾ!"

ಕಿಟಕಿಯ ರೆಕ್ಕೆ ಅರ್ಧ ಮುಚ್ಚಿಯೇ ಇತ್ತು.

"ಜೆಲಿಂದಾ, ನನಗೋಸ್ಕರ ಅಲ್ಲ. ನಿನ್ನ ತಮ್ಮ ಮಾತು ಕೊಟ್ಟಿದಾನೆ. ಬಂದು ಒಂದು ಬೊಗಸೆ ಹಾಕಿ ಹೋಗು. ನಾಳೆ ನಾನು ಹೊರಟೇ ಹೋಗ್ತೀನಿ. ಆಮೇಲೆ ನನ್ನ ಮುಖ ನೋಡೋ ಕೆಲಸ ಇಲ್ಲ."

ಪರದೆ ಒಂದಿಷ್ಟು ಅಲುಗಿತು. ಅಷ್ಟೆ. ಸೆತ್ತೀಮಿಯೊ ತಲೆ ಅಲ್ಲಾಡಿಸಿದ. ಹಿಂದೆ ಮಿರೆಲ್ಲಾ ಅಳಲು ತೊಡಗಿದ್ದಳು. "ಮನೆಗೆ ಹೋಗೋಣ ತುಲ್ಲಿಯೊ, ಎಲ್ಲಾರೂ ನೋಡ್ತಿದಾರೆ," ಅನ್ನುತ್ತಿದ್ದಳು.

ದೆರ್ನಾ ತಿರುಗಿದಳು. ಕಾರಂಜಿಯ ಹತ್ತಿರ ಬಂದಳು. ಬೆಳಿಗ್ಗೆಯಿಂದ ಈ ಹೆಂಗಸು ತನ್ನ ಗಂಡನಿಗಾಗಿ ಅತ್ತಿದ್ದಳು. ಇವಳಿಗಾಗಿ ಒಂದು ಬೊಗಸೆ ನೀರು ಎತ್ತಲಾಗದಿದ್ದರೆ ಈ ಕೈ ಇದ್ದೇನು ಅನ್ನಿಸಿತು. ತೋಳು ಮಡಿಸಲಿಲ್ಲ. ಹಾಗೆಯೇ ನೀರಿಗೆ ಕೈ ಹಾಕಿದಳು. ನೀರು ತಣ್ಣಗೆ ಕೊರೆಯುತ್ತಿತ್ತು.

"ಮಿರೆಲ್ಲಾ, ಇಲ್ಲಿ ನೋಡು. ನಾನು ನಜ್ಜರೇನೊನ ಮನೆಯವಳು."

ಮಿರೆಲ್ಲಾ ಅವಳನ್ನೇ ದಿಟ್ಟಿಸಿದಳು. ಕೈಚೀಲ ಕೆಳಗಿಳಿಸಿದಳು. "ಹೌದು," ಅಂದಳು. "ಹಸಿರು ಹೊದಿಕೆ."

ದೆರ್ನಾ ನೀರು ಚಿಮುಕಿಸಿದಳು. ಬೆರಳ ತುದಿಯಿಂದ ನಾಲ್ಕು ಹನಿ ಬಿತ್ತು. ಸೆತ್ತೀಮಿಯೊ ಬಾಯಿ ತೆರೆದ. ಏನು ಹೇಳುವವನಿದ್ದನೋ, ಅಷ್ಟರಲ್ಲಿ ಮೇಲೆ ಕಿಟಕಿಯ ರೆಕ್ಕೆ ಗೋಡೆಗೆ ಬಡಿಯಿತು.

"ಅಷ್ಟೇನಾ?" ಜೆಲಿಂದಾಳ ದನಿ ಚೌಕಕ್ಕೆಲ್ಲ ಕೇಳಿತು. "ಪಾದ್ರಿ ತೀರ್ಥ ಚಿಮುಕಿಸ್ದಂಗೆ! ನಮ್ಮ ನಜ್ಜರೇನೊ ಹಂಗೆ ಹಾಕ್ತಿದ್ನೇನೇ? ಎರಡೂ ಕೈಲಿ ಹಾಕು. ಮೈ ನೆನೀಬೇಕು. ಇಷ್ಟು ವರ್ಷ ಅವನ ಪಕ್ಕ ನಿಂತು ಏನು ನೋಡ್ದೆ ನೀನು?"

"ಜೆಲಿಂದಾ, ಅವಳು ಈ ಊರಲ್ಲಿ ಹುಟ್ಟಿಲ್ಲ," ಅಂದ ಸೆತ್ತೀಮಿಯೊ.

"ನೀನು ಹುಟ್ಟಿ ಏನು ಕಡಿದು ಹಾಕಿದ್ದೀಯ? ಸುಮ್ನೆ ಕೂತ್ಕೋ." ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. "ನೋಡ್ತಿದೀಯ ಏನು? ಹಾಕೇ!"

ದೆರ್ನಾ ಎರಡೂ ಕೈಯಲ್ಲಿ ಎತ್ತಿ ಎರಚಿದಳು. ಮಿರೆಲ್ಲಾ ಕಿರುಚಿದಳು, ನಕ್ಕಳು. ಬಾಚಿದ ಕೂದಲು ಹಣೆಗೆ ಅಂಟಿತು. ಇನ್ನೊಂದು ಬೊಗಸೆ ತುಲ್ಲಿಯೊನ ಮುಖಕ್ಕೆ. ಅವನು ಕಣ್ಣು ಮುಚ್ಚಿ ನಿಂತಿದ್ದ. ಮುಖದ ಮೇಲೆ ಇಳಿದದ್ದೆಲ್ಲ ಕಾರಂಜಿಯ ನೀರಲ್ಲ. ಮಿರೆಲ್ಲಾ ತಾನೂ ಕೈ ಹಾಕಿ ಗಂಡನಿಗೆ ಎರಚಿದಳು, ಸೆತ್ತೀಮಿಯೊನಿಗೆ ಎರಚಿದಳು. ಕಾಫಿ ಅಂಗಡಿಯವರು ಮತ್ತೆ ಚಪ್ಪಾಳೆ ತಟ್ಟಿದರು.

ಜೆಲಿಂದಾ ಇಳಿದು ಬರಲು ಹೊತ್ತು ಹಿಡಿಯಿತು. ಮಂಡಿ ನೋವು. ಎರಡು ಟವೆಲ್ ತಂದಿದ್ದಳು. ಒಂದನ್ನು ಮಿರೆಲ್ಲಾಳ ತಲೆಗೆ ಹಾಕಿ ಉಜ್ಜಿದಳು. ಇನ್ನೊಂದನ್ನು ದೆರ್ನಾಳ ಕಡೆ ಚಾಚಿದಳು, ಮುಖ ನೋಡಲಿಲ್ಲ.

"ತೋಳು ಮಡಿಸೋಕೆ ಏನಾಗಿತ್ತು? ಮೊಣಕೈವರೆಗೂ ಒದ್ದೆ."

"ಮರೆತೆ."

"ಅವನ ಕಾಲು ಊದ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ," ಅಂದಳು ಜೆಲಿಂದಾ. "ನನ್ನ ಹತ್ರ ಬಂದಾಗ ಬೂಟು ಬಿಚ್ತಿರಲಿಲ್ಲ."

"ಯಾರ ಮನೇಲೂ ಬಿಚ್ತಿರಲಿಲ್ಲ. ನಾಚಿಕೆ."

ಜೆಲಿಂದಾ ಮೂಗು ಒರೆಸಿಕೊಂಡಳು. ಅವಳು ಹೆಣದ ಮುಂದೆಯೂ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ, ಆದರೆ ಟವೆಲ್ ಕೈಯಲ್ಲಿ ಗಂಟಾಗಿತ್ತು. "ಆವತ್ತೇ ಹೇಳಬೇಕಿತ್ತು ನೀನು. ಮಲಗಿರಲಿ ಅಂತ ಒಂದು ಮಾತು. ನಾನೇನು ಕಲ್ಲಾ?"

"ಆವತ್ತು ನೀನು ಕೇಳೋ ಹಾಗಿದ್ಯಾ?"

"ಇರಲಿಲ್ಲ," ಅಂದಳು ಜೆಲಿಂದಾ.

ನಾಲ್ವರೂ ಬೆಂಚಿನ ಮೇಲೆ ಬಿಸಿಲಿಗೆ ಕೂತರು. ಬಟ್ಟೆ ಒಣಗಬೇಕಿತ್ತು. ಸೆತ್ತೀಮಿಯೊ ಜಾಗ ಸಾಲದೆ ಎದ್ದು ನಿಂತ. ತುಲ್ಲಿಯೊ ಈಗ ತಾನು ಕಾನೂನು ಪ್ರಕಾರ ಹ್ಯಾಗೆ ಹುಚ್ಚ, ನಾಳೆಯಿಂದ ತನ್ನ ಓಣಿಯವರು ಹ್ಯಾಗೆ ತನಗೆ ದಾರಿ ಬಿಡಬೇಕು ಅಂತ ಅವನಿಗೆ ವಿವರಿಸುತ್ತಿದ್ದ. ಮಿರೆಲ್ಲಾ ಗಂಡನ ಒದ್ದೆ ತೋಳಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

"ನಾಳೆ ನಿಮ್ಮಣ್ಣ ವ್ಯಾನು ತರ್ತಾನಂತೆ," ಅಂದಳು ಜೆಲಿಂದಾ. ಕಾರಂಜಿಯ ಕಡೆ ನೋಡುತ್ತಲೇ.

"ತರ್ತಾನೆ."

"ಪೆರ್ಗೊಲಾದೋರಿಗೆ ನಮ್ಮ ಕಾಳಿನ ಸಾರು ಹಿಡಿಸುತ್ತಾ?"

"ನಾನು ಮಾಡಿದ್ದು ಹಿಡಿಸುತ್ತೆ."

"ಹಾಗಾದ್ರೆ ನೀನೇ ಮಾಡು. ರೊಟ್ಟಿ ನಾನು ಸುಡ್ತೀನಿ. ಊಟಕ್ಕೆ ನಿಲ್ಲಿಸ್ಕೊ ಅವನ್ನ. ಆಮೇಲೆ ವ್ಯಾನು ಖಾಲಿ ಕಳಿಸು."

ದೆರ್ನಾ ಒದ್ದೆ ತೋಳನ್ನು ಹಿಂಡಿದಳು. ನೀರು ಕಲ್ಲಿನ ಮೇಲೆ ಬಿತ್ತು.

"ಕಾಳು ಇವತ್ತೇ ನೆನೆಹಾಕಬೇಕು," ಅಂದಳು. "ಮನೇಲಿ ಕಡಲೆ ಇಲ್ಲ."

"ನನ್ನ ಹತ್ರ ಇದೆ," ಅಂದಳು ಜೆಲಿಂದಾ. "ಬಾ, ಕೊಡ್ತೀನಿ. ಮೆಟ್ಟಿಲು ಹತ್ತೋವಾಗ ನನ್ನ ಕೈ ಹಿಡ್ಕೊ."